ಮಗುವಿನ ಡೈರಿಗೆ ಪ್ರಶ್ನೆ ಕೇಳೋರು ಯಾರು?

ಪ್ರಶ್ನೆ ಅಚ್ಚಾಗಿರುವ ಡೈರಿಯನ್ನು ಆರು ವರ್ಷದ ಮಗುವಿನ ಮುಂದಿಟ್ಟು "ಬರಿ" ಅಂತ ಕೂರಿಸುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಡೈರಿ ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಪ್ರಶ್ನೆ ಕೇಳಬೇಕಾದವರು ಆ ದಿನ ಮಗುವಿನ ಜೊತೆ ಓಡಾಡಿದವರು, ಪುಸ್ತಕ ಅಲ್ಲ.

ನಾವಿರುವುದು ಟೆಕ್ಸಾಸಿನ ಆಸ್ಟಿನ್‌ನಲ್ಲಿ. ಮಗಳಿಗೆ ಮನೆಯಲ್ಲೇ ಪಾಠ. ಅಲ್ಲಿ ಇದೇನು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಮನೆಶಾಲೆಯೂ ಖಾಸಗಿ ಶಾಲೆಯ ಲೆಕ್ಕಕ್ಕೇ ಬರುತ್ತೆ ಅಂತ 1994ರಲ್ಲೇ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದೆ. ಓದು, ಸ್ಪೆಲಿಂಗ್, ವ್ಯಾಕರಣ, ಲೆಕ್ಕ, ಪೌರನೀತಿ, ಇಷ್ಟು ಕಲಿಸಿದರೆ ಆಯ್ತು. ಪೆನ್ಸಿಲ್ವೇನಿಯಾದಲ್ಲಿ ಹಾಗಲ್ಲ, ಮಗು ವರ್ಷವಿಡೀ ಮಾಡಿದ್ದನ್ನು ಫೈಲ್ ಮಾಡಿಟ್ಟು ಪರಿಶೀಲನೆಗೆ ಕೊಡಬೇಕು. ಅಂಥ ಕಡೆ ತುಂಬಿದ ಪುಟಗಳಿದ್ದರೆ ಅನುಕೂಲ, ಒಪ್ಪಿದೆ. ನಮಗೆ ಆ ಅವಸರವೂ ಇಲ್ಲ.

ಆ ಡೈರಿ ಹೇಗಿರುತ್ತೆ ಅಂದರೆ, ಮೇಲೆ ಒಂದು ಪ್ರಶ್ನೆ, ನಡುವೆ ಚಿತ್ರಕ್ಕೆ ಖಾಲಿ ಚೌಕ, ಕೆಳಗೆ ನಾಲ್ಕು ಗೆರೆ, ಮೂಲೆಯಲ್ಲಿ ಬಣ್ಣ ಹಚ್ಚೋಕೆ ನಗುವ ಮುಖ, ಅಳುವ ಮುಖ, ಸಿಟ್ಟಿನ ಮುಖ. ಪ್ರಶ್ನೆಗಳೋ, ಇವತ್ತು ಯಾರ್ಯಾರಿಗೆ ಥ್ಯಾಂಕ್ಸ್ ಹೇಳ್ತೀಯ, ಯಾವ ಸೂಪರ್ ಪವರ್ ಬೇಕು, ಇಂಥವೇ. ಮಗಳು ಅಮ್ಮ, ಅಪ್ಪ, ನಾಯಿಮರಿ ಅಂತ ಬರೆದಳು. ಮಾರನೇ ದಿನ ಅಮ್ಮ, ಅಪ್ಪ, ಐಸ್‌ಕ್ರೀಂ. ಏನು ಬರೆದರೆ ಎದ್ದು ಹೋಗಬಹುದು ಅನ್ನೋದು ಮಕ್ಕಳಿಗೆ ಬಹಳ ಬೇಗ ಗೊತ್ತಾಗುತ್ತೆ ಅಲ್ವಾ?

ಕಾರ್ತಿಕ ಮಾಸದಲ್ಲಿ ಬೆಂಗಳೂರಿಗೆ ಬಂದಾಗ ಇದರ ಉಲ್ಟಾ ನೋಡಿದೆ. ಬಸವನಗುಡಿಯಲ್ಲಿ ಅಮ್ಮನ ಮನೆ, ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ, ಕಾಲಿಡೋಕೆ ಜಾಗವಿಲ್ಲದಷ್ಟು ಜನ. ಮನೆಗೆ ಬಂದ ಮೇಲೆ ಅಮ್ಮ ಒಂದು ಪಾಲು ಕಾಯನ್ನು ಬೇಯೋಕಿಟ್ಟು, ಉಳಿದದ್ದನ್ನು ಮೊಮ್ಮಗಳ ಮುಂದೆ ಸುರಿದು, "ಪುಟ್ಟಿ, ಒಂದೊಂದರಲ್ಲಿ ಎಷ್ಟೆಷ್ಟು ಬೀಜ ಇದೆ ನೋಡಿ ಬರ್ಕೊಳೇ" ಅಂದರು. ಇವಳು ನೆಲದ ಮೇಲೆ ಕೂತು, ಒಂದೊಂದೇ ಸುಲಿದು, ಬೀಜ ತಿಂದು, ಬರೆದಳು: "2. 2. 3. 1. ಇದರಲಿ ಏನೂ ಇಲ. ಜೊಳು ಅಂತೆ, ಅಜಿ ಹೇಳಿದು." ಪುಟ ತುಂಬಿತು, ಇನ್ನೊಂದು ಪುಟ ಕೇಳಿದಳು.

ಲಾಲ್‌ಬಾಗಿನಲ್ಲೂ ಹೀಗೇ ಆಯ್ತು. ಕೆಂಪೇಗೌಡರ ಗೋಪುರ ಇರುವ ಆ ಬಂಡೆ ಹತ್ತುವಾಗ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ಕಣೇ ಅಂದೆ. "ಕೆಂಪೇಗೌಡರಿಗಿಂತ ದೊಡ್ಡದಾ?" ಅಂದಳು. ಅವತ್ತಿನ ಡೈರಿಗೆ ಅದೇ ಪ್ರಶ್ನೆ: ಬಂಡೆಗಿಂತ ಚಿಕ್ಕವರು ಯಾರ್ಯಾರು? ಕೆಂಪೇಗೌಡ, ಅಜ್ಜಿ, ಡೈನೋಸಾರ್. ಮೂರೂ ಸರಿ!

ಅಕ್ಕನ ಪರಿಚಯದವರೊಬ್ಬರು ಜೆ.ಪಿ. ನಗರದಲ್ಲಿ ಮಗನಿಗೆ ಮನೆಯಲ್ಲೇ ಕಲಿಸುತ್ತಾರೆ. ಇಲ್ಲಿನ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇಂಥವರ ಮಾತೇ ಇಲ್ಲ. 14 ತುಂಬಿದ ಮೇಲೆ ಎನ್‌ಐಒಎಸ್ ಅನ್ನೋ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಿಸಿದರಾಯ್ತು ಅನ್ನೋದು ಅವರ ಲೆಕ್ಕ, ಹಾಗಾಗಿ ಈಗಿಂದಲೇ ದುಂಡಗಿನ ಅಕ್ಷರ, ದಿನಾ ಕಾಪಿ. ಜೊತೆಗೆ ಆನ್‌ಲೈನ್‌ನಲ್ಲಿ ತರಿಸಿದ ಒಂದು ಜರ್ನಲ್. ತೆಗೆದು ನೋಡಿದರೆ, ಹಿಮ ಬಿದ್ದ ದಿನ ಏನು ಆಟ ಆಡಿದೆ ಅಂತ ಅದರಲ್ಲೊಂದು ಪ್ರಶ್ನೆ. ಜೆ.ಪಿ. ನಗರದಲ್ಲಿ! ಆ ಹುಡುಗ ಪಾಪ ಪುಟ ಖಾಲಿ ಬಿಟ್ಟಿದ್ದ. ಅವತ್ತು ಬೆಳಗ್ಗೆ ನೀರಿನ ಟ್ಯಾಂಕರ್ ಬಂದು ಗೇಟಿನ ಮುಂದೆ ನಿಂತಿದ್ದನ್ನು ಮಾತ್ರ ಹತ್ತು ನಿಮಿಷ ಬಿಡದೆ ವರ್ಣಿಸಿದ.

ಹಾಗಂತ ನಮ್ಮ ಕಡೆಯದೆಲ್ಲ ಸರಿ ಅಂತ ಹೇಳಲಾರೆ. ನಮ್ಮ ಮನೆಗಳಲ್ಲಿ ಮಗುವನ್ನು ಏನು ನೋಡಿದೆ, ಏನು ತಿಂದೆ, ಎಷ್ಟು ತಂದೆ ಅಂತ ಕೇಳುತ್ತೇವೆ. ಹೇಗನ್ನಿಸಿತು ಅಂತ ಕೇಳುವುದು ಕಡಿಮೆ. ಪರಿಷೆಯಲ್ಲಿ ಕಿವಿಯ ಪಕ್ಕದಲ್ಲೇ ಪೀಪಿ ಊದಿದಾಗ ಮಗಳು ಬೆಚ್ಚಿ ಅತ್ತಳು. "ಅಷ್ಟಕ್ಕೆಲ್ಲ ಅಳ್ತಾರಾ" ಅಂತ ಅಮ್ಮ ಕಣ್ಣು ಒರೆಸಿ ಮುಂದೆ ಹೋದರು. ರಾತ್ರಿ ಆ ಅಮೆರಿಕದ ಡೈರಿಯಲ್ಲಿ ಇವಳೇ ಹೋಗಿ ಅಳುವ ಮುಖಕ್ಕೆ ಬಣ್ಣ ಹಚ್ಚಿ, ಪಕ್ಕದಲ್ಲಿ "ಪೀಪಿ" ಅಂತ ಬರೆದಳು. ಆ ಮುಖಗಳನ್ನು ನಾನು ಬಿಡುವುದಿಲ್ಲ.

ಈಗ ನಮ್ಮಲ್ಲಿ ಗೆರೆ ಇಲ್ಲದ ಒಂದು ನೋಟ್‌ಬುಕ್. ಮುಖಗಳನ್ನು ಕತ್ತರಿಸಿ ಅಂಟಿಸುತ್ತೇವೆ, ಪ್ರಶ್ನೆ ಊಟದ ಹೊತ್ತಿಗೆ ಮಾತಿನಲ್ಲೇ ಹುಟ್ಟುತ್ತೆ. ಕೈ ನೋಯುತ್ತೆ ಅಂದರೆ ಅವಳು ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ, ಅವಳ ಮಾತಿನಲ್ಲೇ, ಒಂದಕ್ಷರ ತಿದ್ದದೆ. ಏನೂ ಹೇಳಲಿಲ್ಲವಾ, ಆ ದಿನ ಡೈರಿಗೆ ರಜೆ.

ಅಮ್ಮನಿಗೆ ಮಾತ್ರ ಈ ತಿದ್ದದ ವಿಷಯ ಒಪ್ಪಿಗೆಯಿಲ್ಲ. "ತಪ್ಪೇ ರೂಢಿ ಆಗುತ್ತೆ ಕಣೋ" ಅಂತಾರೆ. ಒತ್ತಕ್ಷರಕ್ಕೆ ಬೇರೆ ಕಾಪಿ ಪುಸ್ತಕ ಇದೆ ಅಂತ ನಾನು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಇವಳು ನೋಟ್‌ಬುಕ್ ಎತ್ತಿ ತೋರಿಸಿದ ಕೂಡಲೇ ಆ ಕಡೆಯಿಂದ ಶುರು: "ಅಜ್ಜಿಗೆ ಜ ಒತ್ತು ಎಲ್ಲೇ?"