ಹೊಟ್ಟೆ ಕೊಯ್ಯದೆ ಮಹಾಧಮನಿ ರಿಪೇರಿ: ಮಾಡಿಸಬೇಕೇ?

ಪರ

ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳವೇ ಮಹಾಧಮನಿ. ಹೊಟ್ಟೆಯೊಳಗೆ ಅದು ಸುಮಾರು 2 ಸೆಂ.ಮೀ. ದಪ್ಪ. ಅದು ಉಬ್ಬಿ 5.5 ಸೆಂ.ಮೀ. ಮುಟ್ಟಿದರೆ ಒಡೆಯುವ ಭಯ ಜಾಸ್ತಿ. ಒಡೆದರೆ ಬಹಳ ಮಂದಿ ಆಸ್ಪತ್ರೆಯನ್ನೂ ತಲುಪುವುದಿಲ್ಲ. ಮೊದಲೆಲ್ಲ ಇದ್ದದ್ದು ಒಂದೇ ದಾರಿ. ಉದ್ದಕ್ಕೆ ಹೊಟ್ಟೆ ಕೊಯ್ದು, ಕರುಳು ಪಕ್ಕಕ್ಕೆ ಸರಿಸಿ, ಧಮನಿಗೆ ಕ್ಲ್ಯಾಂಪ್ ಹಾಕಿ, ಬಟ್ಟೆಯ ಕೊಳವೆ ಹೊಲಿಯಬೇಕು. ಸಿಗರೇಟು ಸೇದಿ ಸೇದಿ ಏದುಸಿರು ಬಿಡುವ 75ರ ಅಜ್ಜನಿಗೆ ಇದು ಸುಮ್ನೆ ಮಾತಲ್ಲ.

1990ರಲ್ಲಿ ಬ್ಯೂನಸ್ ಐರಿಸ್‌ನ ಸರ್ಜನ್ ಹ್ವಾನ್ ಪರೋಡಿ ಬೇರೆ ದಾರಿ ಹಿಡಿದರು. ಮಡಚಿದ ಸ್ಟೆಂಟ್-ಗ್ರಾಫ್ಟನ್ನು, ಅಂದರೆ ಲೋಹದ ಸ್ಪ್ರಿಂಗ್ ಕೂಡಿಸಿದ ಬಟ್ಟೆಯ ಕೊಳವೆಯನ್ನು, ತೊಡೆಸಂದಿಯ ರಕ್ತನಾಳದಿಂದ ತೂರಿಸಿ ಉಬ್ಬಿನೊಳಗೆ ಬಿಚ್ಚಿದರು. ಹಳೇ ಟಯರಿಗೆ ಹೊಸ ಟ್ಯೂಬ್ ಕೂರಿಸಿದ ಹಾಗೆ. ಇದೇ ಇವಾರ್ (EVAR), ಅಂದರೆ ರಕ್ತನಾಳದ ಒಳಗಿನಿಂದಲೇ ಮಾಡುವ ರಿಪೇರಿ. ಬ್ರಿಟನ್ನಿನಲ್ಲಿ 1,252 ರೋಗಿಗಳ ಮೇಲೆ ನಡೆದ ಇವಾರ್-1 ಅಧ್ಯಯನದಲ್ಲಿ ಆಪರೇಷನ್ನಿನ 30 ದಿನದೊಳಗೆ ತೀರಿಕೊಂಡವರು ಹೊಟ್ಟೆ ಕೊಯ್ಸಿಕೊಂಡವರಲ್ಲಿ ಶೇ. 4.3, ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 1.8.

ಆಮೇಲೆ ಗ್ರಾಫ್ಟಿನ ಹೊರಗೆ ಉಬ್ಬಿನೊಳಕ್ಕೆ ರಕ್ತ ಸೋರುತ್ತದೆ ಎನ್ನುತ್ತಾರೆ. ನಿಜ, ಸೋರುತ್ತದೆ. ಆದರೆ ಹೆಚ್ಚಿನವು ಸೊಂಟದ ಕಡೆಯ ಸಣ್ಣ ನಾಳಗಳಿಂದ ಉಬ್ಬಿಗೆ ವಾಪಸು ಬರುವ ರಕ್ತ, ಅಂದರೆ ಎರಡನೇ ಬಗೆಯ ಸೋರಿಕೆ. ಎಷ್ಟೋ ಸಲ ತಾನೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಉಬ್ಬು ದೊಡ್ಡದಾಗದಿದ್ದರೆ ವೈದ್ಯರೂ ಕೈ ಹಾಕುವುದಿಲ್ಲ.

ವಿರೋಧ

30 ದಿನದ ಲೆಕ್ಕ ಸರಿ. ಆಮೇಲಿನದು? ಅದೇ ಇವಾರ್-1ರವರನ್ನು 15 ವರ್ಷದವರೆಗೆ ಗಮನಿಸಿದಾಗ ಲೆಕ್ಕ ತಲೆಕೆಳಗಾಯಿತು. 8 ವರ್ಷ ದಾಟಿದ ಮೇಲೆ ಸ್ಟೆಂಟ್‌ನವರಲ್ಲೇ ಸಾವು ಜಾಸ್ತಿ. ರಿಪೇರಿಯಾಯಿತು ಎಂದುಕೊಂಡಿದ್ದ ಉಬ್ಬು ಒಡೆದದ್ದು ಅದಕ್ಕೊಂದು ದೊಡ್ಡ ಕಾರಣ.

ಟ್ಯೂಬಿನ ಹೋಲಿಕೆ ಚೆನ್ನಾಗಿದೆ. ಆದರೆ ಹಳೇ ಟಯರು ಅಲ್ಲೇ ಇರುತ್ತದೆ, ಅಲ್ವಾ? ಇಲ್ಲಿ ಹೊಲಿಗೆ ಇಲ್ಲ. ಸ್ಪ್ರಿಂಗಿನ ಬಿಗಿ, ಸಣ್ಣ ಕೊಕ್ಕೆಗಳ ಹಿಡಿತ, ಅಷ್ಟೇ. ಉಬ್ಬಿಗಿಂತ ಮೇಲಿನ, ಗ್ರಾಫ್ಟ್ ಹಿಡಿದಿರುವ ಧಮನಿ ವರ್ಷ ಕಳೆದಂತೆ ಹಿಗ್ಗಿದರೆ ಗ್ರಾಫ್ಟ್ ಕೆಳಕ್ಕೆ ಜಾರುತ್ತದೆ, ಅಂಚಿನಿಂದ ರಕ್ತ ನುಗ್ಗುತ್ತದೆ. ಇದು ಮೊದಲನೇ ಬಗೆಯ ಸೋರಿಕೆ, ಕಾದು ನೋಡುವಂಥದ್ದಲ್ಲ. ಗ್ರಾಫ್ಟಿನ ಕಾಲಿನ ಕಡೆಯ ಕವಲು ಮಡಚಿ ರಕ್ತ ಕಟ್ಟಿಕೊಂಡರೆ ಕಾಲು ತಣ್ಣಗಾಗುತ್ತದೆ. ಗ್ರಾಫ್ಟಿಗೆ ಸೋಂಕು ತಗುಲಿ ತೆಗೆಯಬೇಕಾಗಿ ಬಂದರೆ ಕೊನೆಗೂ ಹೊಟ್ಟೆಯನ್ನೇ ಕೊಯ್ಯಬೇಕು. ಅಷ್ಟರಲ್ಲಿ ಅಜ್ಜನಿಗೆ ಇನ್ನೂ ವಯಸ್ಸಾಗಿರುತ್ತದೆ.

ಅವು ಹಳೇ ಕಾಲದ ಸ್ಟೆಂಟುಗಳು ಎನ್ನಬಹುದು, ಒಪ್ಪಿದೆ. ಆದರೂ ಯಾವ ಚಿಕಿತ್ಸೆ ಕೊಡಬೇಕೆಂದು ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2018ರ ಕರಡಿನಲ್ಲಿ, ಒಡೆಯದ ಉಬ್ಬಿಗೆ ಇವಾರ್ ಬೇಡವೇ ಬೇಡ ಎಂದಿತ್ತು. 2020ರಲ್ಲಿ ಸಡಿಲಿಸಿತು. ಆಗಲೂ, ದೊಡ್ಡ ಆಪರೇಷನ್ ತಡೆದುಕೊಳ್ಳುವ ಮೈಯಿದ್ದವರಿಗೆ ಅದನ್ನೇ ಮುಂದಿಟ್ಟಿತು.

ಇನ್ನು ಸ್ಕ್ಯಾನ್. ವರ್ಷವರ್ಷವೂ, ಬದುಕಿರುವವರೆಗೂ. ನೋವಿಲ್ಲವಲ್ಲ ಎಂದು ಒಂದೆರಡು ವರ್ಷಕ್ಕೆ ಬಿಟ್ಟುಬಿಡುವವರು ಇದ್ದಾರೆ. ಸೋರಿಕೆ ಸಾಮಾನ್ಯವಾಗಿ ನೋಯುವುದೇ ಇಲ್ಲ.