ಯಾವ ಬರ್ನೌಲಿ ಸ್ವಾಮಿ?

ಫಿಸಿಕ್ಸ್‌ನಲ್ಲಿ ಬರ್ನೌಲಿ ತತ್ವ, ಪ್ರಾಬಬಿಲಿಟಿಗೆ ಬಂದ್ರೆ ಬರ್ನೌಲಿ ಟ್ರಯಲ್ (ಗೆಲುವು-ಸೋಲು ಅಂತ ಎರಡೇ ಫಲ ಇರೋ ಪ್ರಯೋಗ), ಡಿಫರೆನ್ಶಿಯಲ್ ಈಕ್ವೇಶನ್ ಚಾಪ್ಟರ್‌ನಲ್ಲಿ ಮತ್ತೊಂದು ಬರ್ನೌಲಿ. ಓದೋ ಹುಡುಗರು ಇದೆಲ್ಲಾ ಒಬ್ಬನೇ ಪುಣ್ಯಾತ್ಮ ಮಾಡಿದ್ದು ಅನ್ಕೊಂಡು ಪಾಸಾಗಿ ಹೋಗ್ತಾರೆ. ಅವರದ್ದೇನು ತಪ್ಪು, ಪುಸ್ತಕ ಬರೆಯೋರೇ ಬರೀ ಮನೆತನದ ಹೆಸರು ಹಾಕಿ ಕೈತೊಳ್ಕೋತಾರೆ!

ನಿಜ ಏನಂದ್ರೆ ಇವರು ಒಂದೇ ಮನೆತನದ ಬೇರೆ ಬೇರೆ ಗಣಿತಜ್ಞರು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮಸಾಲೆ ವ್ಯಾಪಾರದ ಮನೆ ಇವರದ್ದು. ಅಣ್ಣ ಜೇಕಬ್ ಹುಟ್ಟಿದ್ದು 1655, ತಮ್ಮ ಜೋಹಾನ್ 1667, ಜೋಹಾನನ ಮಗ ಡೇನಿಯಲ್ 1700. ಟ್ರಯಲ್ಲು, ಡಿಫರೆನ್ಶಿಯಲ್ ಈಕ್ವೇಶನ್ನು ಜೇಕಬ್‌ದು. ನೀರು ಜೋರಾಗಿ ಹರಿಯೋ ಕಡೆ ಒತ್ತಡ ಕಮ್ಮಿ ಅನ್ನೋದು ಡೇನಿಯಲ್‌ದು. (ಪಾಪ ಜೇಕಬ್, ಸಮಾಧಿ ಮೇಲೆ ಸುತ್ತು ಸುತ್ತಿಗೂ ಅಂತರ ಹಿಗ್ಗುತ್ತಾ ಹೋಗೋ ಲಾಗರಿದಮಿಕ್ ಸುರುಳಿ ಕೆತ್ತಿಸಿ ಅಂತ ಕೇಳ್ಕೊಂಡಿದ್ರೆ ಕಲ್ಲುಕುಟಿಗ ಅಂತರ ಒಂದೇ ಇರೋ ಆರ್ಕಿಮಿಡೀಸ್ ಸುರುಳಿ ಕೆತ್ತಿಟ್ಟ.)

ಇನ್ನು ಜೋಹಾನ್, ಇವನದ್ದೇ ಮಜಾ ಇರೋದು. ಲಿಮಿಟ್ಸ್‌ನಲ್ಲಿ 0/0 ಬಂದ್ರೆ ಮೇಲೂ ಕೆಳಗೂ ಡಿಫರೆನ್ಶಿಯೇಟ್ ಮಾಡ್ತೀವಲ್ಲ, ಲೋಪಿಟಾಲ್ ರೂಲ್, ಅದು ಇವನು ಕಂಡುಹಿಡಿದದ್ದು. ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಕೊಡ್ತೀನಿ, ಹೊಸದೇನು ಹೊಳೆದ್ರೂ ನನಗೆ ಹೇಳು, ಬೇರೆ ಯಾರಿಗೂ ಹೇಳ್ಬೇಡ ಅಂತ 1694ರಲ್ಲಿ ಫ್ರಾನ್ಸಿನ ಶ್ರೀಮಂತ ಲೋಪಿಟಾಲ್ ಕಾಗದ ಬರೆದ, ಇವನೂ ಒಪ್ಕೊಂಡ, 1696ರಲ್ಲಿ ರೂಲ್ ಅವನ ಪುಸ್ತಕದಲ್ಲಿ ಬಂತು. ಮುನ್ನುಡೀಲಿ ಬರ್ನೌಲಿಗಳಿಗೆ ಥ್ಯಾಂಕ್ಸ್ ಹೇಳಿದ್ದಾನೆ ನಿಜ, ಆದ್ರೆ ರೂಲಿಗೆ ಅಂಟ್ಕೊಂಡಿದ್ದು ಯಾರ ಹೆಸರು ಅಂತ ಗೊತ್ತೇ ಇದೆಯಲ್ಲ.

ಇಷ್ಟೆಲ್ಲಾ ಅನುಭವಿಸಿದ ಮನುಷ್ಯ ಮಗನ ವಿಷಯದಲ್ಲಿ ಹೇಗಿರ್ಬೇಕಿತ್ತು ಹೇಳಿ? 1734ರಲ್ಲಿ ಪ್ಯಾರಿಸ್ ಅಕಾಡೆಮಿ ಬಹುಮಾನ ಅಪ್ಪ ಮಗ ಇಬ್ಬರಿಗೂ ಹಂಚಿ ಬಂತು, ಖುಷಿಪಡೋದು ಬಿಟ್ಟು ನನಗೆ ಸಮ ಇವನಾ ಅಂತ ಅಪ್ಪ ಉರ್ಕೊಂಡ. ಡೇನಿಯಲ್ 1738ರಲ್ಲಿ ದ್ರವಗಳ ಹರಿವಿನ ಬಗ್ಗೆ ಹೈಡ್ರೋಡೈನಮಿಕಾ ಅನ್ನೋ ಪುಸ್ತಕ ತಂದಾಗ ಮುಖಪುಟದಲ್ಲೇ ತನ್ನ ಹೆಸರಿನ ಪಕ್ಕ ಜೋಹಾನನ ಮಗ ಅಂತ ಹಾಕ್ಕೊಂಡಿದ್ದ. ಅಷ್ಟಾದ್ರೂ ಅಪ್ಪ ಏನ್ ಮಾಡಿದ? ಆಮೇಲೆ ತಾನೂ ಹೈಡ್ರಾಲಿಕಾ ಅಂತ ಒಂದು ಪುಸ್ತಕ ತಂದು ಅದಕ್ಕೆ 1732 ಅಂತ ಇಸವಿ ಜಡಿದ, ಮಗನಿಗಿಂತ ನಾನೇ ಮೊದಲು ಅಂತ ತೋರಿಸೋಕೆ. ಆಯ್ಲರ್‌ನಂಥ ಮಹಾ ಗಣಿತಜ್ಞನಿಗೆ ಗುರು ಆಗಿದ್ದೋನು, ಆ ಗೌರವ ಇದ್ದೇ ಇದೆ, ಆದ್ರೆ ಈ ಒಂದು ಕೆಲಸಕ್ಕೆ ನನಗಂತೂ ಹೊಟ್ಟೆ ಉರಿಯುತ್ತೆ.

ಈಗ ನಾವು ಬರೀ "ಬರ್ನೌಲಿ ತತ್ವ" ಅಂದ್ರೆ ಅಪ್ಪನ ಆಸೆ ಅರ್ಧ ಈಡೇರಿಸಿದ ಹಾಗೇ. ಮುಂದಿನ ಎಡಿಶನ್‌ನಲ್ಲಾದ್ರೂ ಡೇನಿಯಲ್ ಬರ್ನೌಲಿ ಅಂತ ಪೂರ್ತಿ ಹಾಕ್ರಪ್ಪ, ಪುಟ ಏನೂ ತುಂಬಿಹೋಗಲ್ಲ.