ಸತ್ಯಾಂಶ: ನಕ್ಕರೆ ಖಿನ್ನತೆಯ ಮಾತ್ರೆ ಬಿಡಬಹುದೇ?

"ದಿನಕ್ಕೆ ಹತ್ತು ನಿಮಿಷ ಹೊಟ್ಟೆತುಂಬ ನಕ್ಕರೆ ಖಿನ್ನತೆ ಮಾಯ, ಮಾತ್ರೆ ಬೇಡ. ಅಮೆರಿಕದ ನಾರ್ಮನ್ ಕಸಿನ್ಸ್ ನಕ್ಕೇ ರೋಗ ಗೆದ್ದರು" ಎಂಬರ್ಥದ ಸಂದೇಶಗಳನ್ನು ನಂಬಿ ದಯವಿಟ್ಟು ಔಷಧಿ ನಿಲ್ಲಿಸಬೇಡಿ.

ಪತ್ರಕರ್ತ ಕಸಿನ್ಸ್‌ಗೆ ಇದ್ದದ್ದು ಖಿನ್ನತೆಯಲ್ಲ, ಬೆನ್ನುಮೂಳೆ ಮತ್ತು ಕೀಲುಗಳ ಕಾಯಿಲೆ. ಹತ್ತು ನಿಮಿಷ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತು ಎಂದು ಅವರು 1976ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಜೊತೆಗೆ ವೈದ್ಯರ ನೆರವಿನಿಂದ ವಿಟಮಿನ್ ಸಿ ಕೂಡ ತೆಗೆದುಕೊಳ್ಳುತ್ತಿದ್ದರು. ಒಬ್ಬರ ಅನುಭವ ಎಲ್ಲರ ಚಿಕಿತ್ಸೆ ಆಗದು.

ಹಾಗಂತ ನಗುವಿನ ಅಭ್ಯಾಸ ವ್ಯರ್ಥವೇನಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 632 ವಯಸ್ಕರಿದ್ದರು. ಅದರಲ್ಲಿ ಪರೀಕ್ಷಿಸಿದ ಒಂದು ಅಭ್ಯಾಸ ತೀರಾ ಸರಳ: ವಾರವಿಡೀ ಪ್ರತಿ ರಾತ್ರಿ, ಆ ದಿನ ನಗು ತರಿಸಿದ ಮೂರು ಸಂಗತಿಗಳನ್ನು ಬರೆದಿಡುವುದು. ಮೊಮ್ಮಗಳ ತೊದಲು ಮಾತೋ, ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತೋ, ಯಾವುದಾದರೂ ಸರಿ. ಹೋಲಿಕೆಗಾಗಿ ಇನ್ನೊಂದು ಗುಂಪಿನವರು ಬಾಲ್ಯದ ನೆನಪು ಬರೆದರು; ಅವರಿಗಿಂತ ಇವರಲ್ಲಿ ಸಂತೋಷ ಹೆಚ್ಚಿತು, ಪರಿಣಾಮ ಆರು ತಿಂಗಳವರೆಗೂ ಕಂಡಿತು. ಖಿನ್ನತೆಯ ಲಕ್ಷಣಗಳು ತಗ್ಗಿದ್ದು ಮಾತ್ರ ಅಲ್ಪಾವಧಿಗೆ. ಈ ವ್ಯತ್ಯಾಸವನ್ನೇ ಫಾರ್ವರ್ಡ್‌ಗಳು ನುಂಗಿಬಿಡುತ್ತವೆ.

ನನಗೆ ಈ ಅಭ್ಯಾಸ ಇಷ್ಟ. ಖರ್ಚಿಲ್ಲ, ಒಂದು ನೋಟ್‌ಬುಕ್ ಸಾಕು. ಆದರೆ ನಿದ್ದೆ, ಊಟ ಕೆಟ್ಟು ಎರಡು ವಾರಕ್ಕೂ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ ವೈದ್ಯರನ್ನು ಕಾಣಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.